ಕಾರವಾರ, ಶಿರಸಿ ಕಡೆಯಿಂದ ಎಲೆಕ್ಟ್ರಾನಿಕ್ಸ್ ಓದಲು ಹೊರಟವರಿಗೆ: ಮೊದಲು ಲೆಕ್ಕ, ಆಮೇಲೆ ಮೀಟರ್

ಪಿಯುಸಿ ರಿಸಲ್ಟ್ ಬಂದ ವಾರ ನಮ್ಮ ಉತ್ತರ ಕನ್ನಡದ ಕಡೆ ಮನೆ ಮನೆಯಲ್ಲೂ ಇದೇ ಚರ್ಚೆ. ಕಂಪ್ಯೂಟರ್ ಸೈನ್ಸ್ ಸಿಗದೇ ಹೋದರೆ ಇಸಿ ತಗೊಳ್ಳೋದಾ? ಇಸಿಯಲ್ಲಿ ಬ್ಯಾಕ್ (ಪಾಸಾಗದ ವಿಷಯ) ಜಾಸ್ತಿ ಉಳಿಯುತ್ತಂತೆ, ಹೌದಾ? ಇಸಿ, ಅಂದರೆ ಎಲೆಕ್ಟ್ರಾನಿಕ್ಸ್ ಆಂಡ್ ಕಮ್ಯುನಿಕೇಶನ್, ಕಷ್ಟದ ಬ್ರಾಂಚ್ ಅನ್ನೋದು ನಿಜ. ಗಣಿತ ಜಾಸ್ತಿ, ಕಣ್ಣಿಗೆ ಕಾಣದ ಸಂಗತಿಗಳೂ ಜಾಸ್ತಿ. ಆದರೆ ಹೆಚ್ಚಿನವರು ಎಡವೋದು ಬುದ್ಧಿ ಸಾಲದೆ ಅಲ್ಲ. ಪುಸ್ತಕದ ಸೂತ್ರವನ್ನೂ ಮೇಜಿನ ಮೇಲಿನ ಸರ್ಕ್ಯೂಟನ್ನೂ ಬೇರೆ ಬೇರೆ ಅಂತ ತಿಳಿದು ಓದುತ್ತಾರೆ. ಸೂತ್ರ ಪರೀಕ್ಷೆಗೆ, ಸರ್ಕ್ಯೂಟು ರೆಕಾರ್ಡ್ ಬುಕ್ಕಿಗೆ ಅಂತ ಆಗಿಬಿಡುತ್ತದೆ.

ನಾನು ಮುಂದೆ ಹೇಳುವ ಹೆಜ್ಜೆಗಳೆಲ್ಲ ಒಂದೇ ಅಭ್ಯಾಸದ ಸುತ್ತ ಇವೆ. ಸರ್ಕ್ಯೂಟಿಗೆ ಕರೆಂಟು ಕೊಡುವ ಮೊದಲೇ ಎಲ್ಲಿ ಎಷ್ಟು ವೋಲ್ಟ್ ಬರಬೇಕು ಅಂತ ಲೆಕ್ಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆಮೇಲೆ ಮೀಟರ್ ಹಿಡಿದು ಅಳೆಯಿರಿ. ಎರಡೂ ಅಂಕಿ ತಾಳೆಯಾಗದಿದ್ದರೆ ಯಾಕೆ ಅಂತ ಗೊತ್ತಾಗುವವರೆಗೆ ಬಿಡಬೇಡಿ. ಡಿಪ್ಲೊಮಾ ಇರಲಿ, ಬಿಇ ಇರಲಿ, ಬಿಎಸ್‌ಸಿ ಇರಲಿ, ಇದೊಂದು ರೂಢಿಯಾದರೆ ಉಳಿದದ್ದು ಹಿಂದೆಯೇ ಬರುತ್ತದೆ.

ಹೆಜ್ಜೆ 1: ಯಾವ ದಾರಿ ಅಂತ ತೀರ್ಮಾನಿಸಿ

ಪಿಯುಸಿ ಸೈನ್ಸ್ ಮುಗಿಸಿ ಸಿಇಟಿ ಬರೆದು ಬಿಇಗೆ ಹೋಗುವುದು ಎಲ್ಲರಿಗೂ ಗೊತ್ತಿರುವ ದಾರಿ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದೂ ಪ್ರಶ್ನೆ ಖಾಲಿ ಬಿಡಬೇಡಿ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರುತ್ತದೆ. ಬೋರ್ಡ್ ಪರೀಕ್ಷೆಯನ್ನು ಹಗುರವಾಗಿ ತಗೊಂಡರೆ ರ‍್ಯಾಂಕು ಅಲ್ಲೇ ಜಾರುತ್ತದೆ.

ಎಸ್ಎಸ್ಎಲ್‌ಸಿ ಆದ ಮೇಲೆ ನೇರವಾಗಿ ಪಾಲಿಟೆಕ್ನಿಕ್ ಸೇರುವುದು ಎರಡನೇ ದಾರಿ. ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು, ಬಿಇ ಎರಡನೇ ವರ್ಷಕ್ಕೇ ಸೇರಬಹುದು. ನಮ್ಮಲ್ಲಿ ಡಿಪ್ಲೊಮಾ ಅಂದರೆ ಮೂಗು ಮುರಿಯುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹದಿನಾರನೇ ವಯಸ್ಸಿಗೇ ಮಲ್ಟಿಮೀಟರ್, ಸಾಲ್ಡರಿಂಗ್ ಐರನ್ ಹಿಡಿದ ಕೈ ಬೇರೆಯೇ ಆಗಿರುತ್ತದೆ. ಬಿಇ ಲ್ಯಾಬಿನಲ್ಲಿ ಡಿಪ್ಲೊಮಾದಿಂದ ಬಂದವರು ಸರ್ಕ್ಯೂಟು ಕಟ್ಟಿ ಕೂತಿರುತ್ತಾರೆ, ಪಿಯುಸಿಯಿಂದ ಬಂದವರು ಇನ್ನೂ ವೈರು ಸುಲಿಯುತ್ತಿರುತ್ತಾರೆ. ಡಿಪ್ಲೊಮಾದವರಿಗೆ ಕಷ್ಟವಾಗುವುದು ಗಣಿತ. ಅವರು ಮೂರನೇ ಸೆಮಿಸ್ಟರಿಗೆ ಕಾಲಿಡುವ ಮೊದಲೇ ಕ್ಯಾಲ್ಕುಲಸ್ ಕಲಿತಿರಬೇಕು.

ಮೂರನೆಯದು ಬಿಎಸ್‌ಸಿ ಎಲೆಕ್ಟ್ರಾನಿಕ್ಸ್. ಜಿಲ್ಲೆಯ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಮುಂದೆ ಎಂಎಸ್‌ಸಿ ಮಾಡಿ ಪಾಠ ಹೇಳಬೇಕು, ಸಂಶೋಧನೆಗೆ ಹೋಗಬೇಕು ಅನ್ನುವವರಿಗೆ ಇದು ಒಳ್ಳೆಯದು. ಐಟಿಐನಲ್ಲಿ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಅನ್ನುವ ಎರಡು ವರ್ಷದ ಟ್ರೇಡ್ ಕೂಡ ಇದೆ.

ಕಾಲೇಜು ಎಲ್ಲಿ? ಕಾರವಾರದ ಮಾಜಾಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಊರಿನಲ್ಲೇ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಭಟ್ಕಳದಲ್ಲಿ ಅಂಜುಮನ್ ಸಂಸ್ಥೆಯದ್ದು, ಹಳಿಯಾಳದಲ್ಲಿ ಕೆಎಲ್‌ಎಸ್ ಸಂಸ್ಥೆಯದ್ದು ಎಂಜಿನಿಯರಿಂಗ್ ಕಾಲೇಜುಗಳಿವೆ. ಇವೆಲ್ಲ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಕೆಳಗಿನವು, ಸಿಲಬಸ್ಸು ಬೆಂಗಳೂರಿನ ಹೆಚ್ಚಿನ ವಿಟಿಯು ಕಾಲೇಜುಗಳಲ್ಲಿ ಇರುವುದೇ. ಯಾವ ವರ್ಷ ಯಾವ ಬ್ರಾಂಚಿಗೆ ಎಷ್ಟು ಸೀಟು ಅನ್ನೋದು ಸಿಇಟಿ ನಡೆಸುವ ಕೆಇಎ ಹೊರಡಿಸುವ ಸೀಟ್ ಮ್ಯಾಟ್ರಿಕ್ಸ್‌ನಲ್ಲಿ ಇರುತ್ತದೆ. ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜು, ಬ್ರಾಂಚು ಆಯ್ದು ತುಂಬಲು, ಕೂರುವ ಮೊದಲು ಅದನ್ನೇ ನೋಡಿ, ಯಾರೋ ಹೇಳಿದ್ದನ್ನು ನಂಬಿ ಕೂರಬೇಡಿ.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಿ ಬರಬೇಡಿ. ಲ್ಯಾಬ್ ಎಲ್ಲಿದೆ ಅಂತ ಕೇಳಿ. ಒಂದು ಬ್ಯಾಚಿಗೆ ವೋಲ್ಟೇಜಿನ ಅಲೆಯನ್ನು ಪರದೆ ಮೇಲೆ ತೋರಿಸುವ ಎಷ್ಟು ಸಿಆರ್‌ಒ ಕೆಲಸ ಮಾಡುತ್ತಿವೆ, ಒಂದು ಟೇಬಲ್ಲಿಗೆ ಎಷ್ಟು ಮಂದಿ ಕೂರುತ್ತಾರೆ ಅಂತ ಅಲ್ಲಿನ ಸೀನಿಯರ್ ಒಬ್ಬರನ್ನು ಕೇಳಿ. ಇಬ್ಬರಾದರೆ ಅಡ್ಡಿಯಿಲ್ಲ. ಐದು ಮಂದಿ ಅಂದರೆ ಮೂವರು ಸುಮ್ನೆ ನಿಂತು ನೋಡುತ್ತಾರೆ ಅಂತ ಅರ್ಥ.

ಇನ್ನೊಂದು ಮಾತು, ಹಳ್ಳಿ ಶಾಲೆಯಿಂದ ಬಂದವರಿಗೆ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಭಾಗದಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟಿನಲ್ಲಿ ಬೇರೆ ಬೇರೆ ಮೀಸಲಾತಿ ಇದೆ. ಶಾಲೆಯ ಮುಖ್ಯೋಪಾಧ್ಯಾಯರು ಕೊಟ್ಟ ಪ್ರಮಾಣಪತ್ರಕ್ಕೆ ಬಿಇಒ ಸಹಿ ಬೇಕು. ಹತ್ತು ವರ್ಷದಲ್ಲಿ ಎರಡು ಮೂರು ಶಾಲೆ ಬದಲಾಗಿದ್ದರೆ ಎಲ್ಲ ಕಡೆಯಿಂದಲೂ ಬರೆಸಿಕೊಳ್ಳಬೇಕು. ಸಿದ್ದಾಪುರದ ಮೂಲೆಯ ಶಾಲೆಯೊಂದು, ಕುಮಟಾದ ಇನ್ನೊಂದು ಅಂತ ಆದರೆ ಓಡಾಟವೇ ಕೆಲವು ದಿನ ಹಿಡಿಯುತ್ತದೆ. ಪರೀಕ್ಷೆ ಮುಗಿದ ಕೂಡಲೇ ಶುರು ಮಾಡಿ.

ಹೆಜ್ಜೆ 2: ಕಾಲೇಜು ಶುರುವಾಗುವ ಮೊದಲೇ ಒಂದು ಮೇಜು ಸಿದ್ಧ ಮಾಡಿ

ಪರೀಕ್ಷೆ ಮುಗಿದು ಕ್ಲಾಸು ಶುರುವಾಗುವವರೆಗೆ ಎರಡು ಮೂರು ತಿಂಗಳು ಸಿಗುತ್ತದೆ. ಮನೆಯ ಒಂದು ಮೂಲೆ, ಒಂದು ಮೇಜು, ಒಳ್ಳೆಯ ಬೆಳಕು ಸಾಕು. ಬೇಕಾದ ಸಾಮಾನು ಇಷ್ಟೇ: ಒಂದು ಡಿಜಿಟಲ್ ಮಲ್ಟಿಮೀಟರ್, ಸಾಲ್ಡರ್ ಇಲ್ಲದೆ ಸರ್ಕ್ಯೂಟು ಕಟ್ಟಲು ಒಂದು ಬ್ರೆಡ್‌ಬೋರ್ಡ್, ಜಂಪರ್ ವೈರು, 9 ವೋಲ್ಟ್ ಬ್ಯಾಟರಿ, ಬೇರೆ ಬೇರೆ ಬೆಲೆಯ ರೆಸಿಸ್ಟರಿನ ಒಂದು ಪ್ಯಾಕೆಟ್, ಕೆಲವು ಕೆಪಾಸಿಟರ್, ಎಲ್‌ಇಡಿ, ಡಯೋಡ್, ಬಿಸಿ547 ಟ್ರಾನ್ಸಿಸ್ಟರ್, 555 ಟೈಮರ್, ಎಲ್‌ಎಂ358 ಆಪ್‌-ಆಂಪ್. ಸಾಲ್ಡರಿಂಗ್ ಐರನ್ 25 ವ್ಯಾಟಿನದ್ದು ಸಾಕು. ಹುಬ್ಬಳ್ಳಿಗೆ ಹೋದಾಗ ತರಬಹುದು, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎಲ್ಲ ಸಿಗುತ್ತದೆ, ಆನ್‌ಲೈನಿನಲ್ಲಿ ತರಿಸಿದರೂ ನಡೆಯುತ್ತದೆ. ಊರಿನ ಟಿವಿ ರಿಪೇರಿ ಅಂಗಡಿಯಲ್ಲಿ ಹಾಳಾದ ಬೋರ್ಡು ಕೇಳಿದರೆ ಸುಮ್ನೆ ಕೊಡುತ್ತಾರೆ. ಅದರಿಂದ ಬಿಡಿಭಾಗ ಬಿಚ್ಚುತ್ತಾ ಸಾಲ್ಡರಿಂಗ್ ಕಲಿಯಬಹುದು. ರಜೆಯಲ್ಲಿ ಅಂಥ ಅಂಗಡಿಯಲ್ಲಿ ಸಂಜೆ ಹೊತ್ತು ಕೂರಲು ಅವಕಾಶ ಸಿಕ್ಕರೆ ಬಿಡಲೇಬೇಡಿ. ರಿಪೇರಿ ಮಾಡುವ ಅಣ್ಣಂದಿರು ದೋಷ ಹುಡುಕುವ ಕ್ರಮವನ್ನು ನೋಡಿಯೇ ಕಲಿಯಬೇಕು.

ಗೋಡೆಯ ಪ್ಲಗ್ಗಿನ 230 ವೋಲ್ಟನ್ನು ಮೊದಲ ವರ್ಷ ಮುಟ್ಟುವುದೇ ಬೇಡ. ಕಲಿಯಬೇಕಾದದ್ದೆಲ್ಲ ಬ್ಯಾಟರಿಯಲ್ಲೇ ಇದೆ.

ಮೊದಲ ಲೆಕ್ಕ ಎಲ್‌ಇಡಿಯದ್ದು. ಬ್ಯಾಟರಿ 9 ವೋಲ್ಟ್, ಕೆಂಪು ಎಲ್‌ಇಡಿ ತನ್ನ ಮೇಲೆ ಸುಮಾರು 2 ವೋಲ್ಟ್ ಇಟ್ಟುಕೊಳ್ಳುತ್ತದೆ, ಉಳಿದ 7 ವೋಲ್ಟ್ ರೆಸಿಸ್ಟರಿನ ಪಾಲು. 470 ಓಮ್ ಹಾಕಿದರೆ 7ನ್ನು 470ರಿಂದ ಭಾಗಿಸಿ: ಸುಮಾರು 15 ಮಿಲಿ ಆಂಪಿಯರ್. ಬರೆದುಕೊಳ್ಳಿ. ಈಗ ಅಳೆಯಿರಿ. ಕರೆಂಟು ಅಳೆಯುವಾಗ ಮೀಟರನ್ನು ಸರ್ಕ್ಯೂಟಿನ ನಡುವೆ, ಸರಣಿಯಲ್ಲಿ ಇಡಬೇಕು. ಬ್ಯಾಟರಿಯ ಎರಡು ತುದಿಗೆ ಮಿಲಿ ಆಂಪಿಯರ್ ರೇಂಜಿನಲ್ಲಿ ಮೀಟರ್ ಮುಟ್ಟಿಸಿದರೆ ಒಳಗಿನ ಫ್ಯೂಸು ಹೋಗುತ್ತದೆ.

ಎರಡನೆಯದು ಸ್ವಲ್ಪ ನಿಧಾನದ ಪ್ರಯೋಗ. ನನ್ನ ಪ್ರಕಾರ ಇಡೀ ಮೊದಲ ವರ್ಷದಲ್ಲಿ ಇದಕ್ಕಿಂತ ಜಾಸ್ತಿ ಕಲಿಸುವ ಪ್ರಯೋಗ ಇಲ್ಲ. 100 ಕಿಲೋ ಓಮ್ ರೆಸಿಸ್ಟರ್, 100 ಮೈಕ್ರೋ ಫ್ಯಾರಡ್ ಕೆಪಾಸಿಟರ್, 9 ವೋಲ್ಟ್ ಬ್ಯಾಟರಿ. ಮೂರನ್ನೂ ಸರಣಿಯಲ್ಲಿ ಜೋಡಿಸಿ. ಕೆಪಾಸಿಟರಿನ ಮೈಮೇಲೆ ಪಟ್ಟಿ ಇರುವ ಕಡೆಯ ಕಾಲು ಮೈನಸ್, ಅದು ಬ್ಯಾಟರಿಯ ಮೈನಸ್ಸಿಗೇ ಹೋಗಬೇಕು. ಮೀಟರನ್ನು ವೋಲ್ಟ್ ರೇಂಜಿಗೆ ಇಟ್ಟು ಕೆಪಾಸಿಟರಿನ ಎರಡೂ ಕಾಲಿಗೆ ಸಿಕ್ಕಿಸಿ.

ಮೊದಲು ಲೆಕ್ಕ. 100 ಕಿಲೋ ಓಮನ್ನು 100 ಮೈಕ್ರೋ ಫ್ಯಾರಡ್‌ನಿಂದ ಗುಣಿಸಿದರೆ 10 ಸೆಕೆಂಡು. ಅಷ್ಟು ಹೊತ್ತಿಗೆ ಕೆಪಾಸಿಟರ್ ಶೇಕಡಾ 63 ತುಂಬಬೇಕು, ಅಂದರೆ 5.7 ವೋಲ್ಟ್. ಅದರ ಐದು ಪಟ್ಟು, 50 ಸೆಕೆಂಡಿಗೆ ಶೇಕಡಾ 99 ದಾಟಿ 9 ವೋಲ್ಟಿಗೆ ಹತ್ತಿರ ಬರಬೇಕು. ಈಗ ಕೆಪಾಸಿಟರಿನ ಎರಡು ಕಾಲಿಗೆ ಒಂದು ವೈರು ಮುಟ್ಟಿಸಿ ಸೊನ್ನೆಗೆ ತನ್ನಿ. ಮೊಬೈಲಿನ ಸ್ಟಾಪ್‌ವಾಚ್ ಒತ್ತಿದ ಕ್ಷಣಕ್ಕೇ ವೈರು ತೆಗೆಯಿರಿ. ಐದೈದು ಸೆಕೆಂಡಿಗೊಮ್ಮೆ ಮೀಟರ್ ಏನು ತೋರಿಸುತ್ತದೆ ಅಂತ ಬರೆಯುತ್ತಾ ಹೋಗಿ. ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟು ಸೇರಿಸಿದರೆ ಪುಸ್ತಕದಲ್ಲಿರುವ ಅದೇ ಬಾಗಿದ ಗೆರೆ ನಿಮ್ಮ ಕೈಯಿಂದ ಬರುತ್ತದೆ.

ಆದರೆ ಅಂಕಿ ತಾಳೆಯಾಗುವುದಿಲ್ಲ. ಹಳದಿ ಬಣ್ಣದ ಅಗ್ಗದ ಮೀಟರ್ ನಿಮ್ಮದಾದರೆ ಎಷ್ಟು ಹೊತ್ತು ಕಾದರೂ ಅದು 8.2 ವೋಲ್ಟಿನ ಆಸುಪಾಸಿನಲ್ಲಿ ನಿಂತುಬಿಡುತ್ತದೆ. 9ಕ್ಕೆ ಹೋಗುವುದೇ ಇಲ್ಲ. ಬ್ಯಾಟರಿ ಇಳಿದಿದೆಯಾ ಅಂತ ಅದನ್ನೇ ನೇರವಾಗಿ ಅಳೆದರೆ 9 ಸರಿಯಾಗೇ ತೋರಿಸುತ್ತದೆ. ಹಾಗಾದರೆ 0.8 ವೋಲ್ಟ್ ಎಲ್ಲಿ ಹೋಯಿತು? ಅಂಥ ಮೀಟರಿನ ಒಳಗಿನ ರೋಧ ಸುಮಾರು 1 ಮೆಗಾ ಓಮ್. ನೀವು ಮೀಟರ್ ಸಿಕ್ಕಿಸಿದ ಕೂಡಲೇ ಅದೂ ಸರ್ಕ್ಯೂಟಿನ ಒಂದು ಭಾಗವೇ ಆಯಿತು. ಸ್ವಲ್ಪ ಕರೆಂಟು ಅದರ ಮೂಲಕ ಹರಿಯುತ್ತಲೇ ಇರುತ್ತದೆ. 9 ವೋಲ್ಟನ್ನು 100 ಕಿಲೋ ಓಮ್ ಮತ್ತು 1000 ಕಿಲೋ ಓಮ್ ಹಂಚಿಕೊಂಡರೆ ಮೀಟರಿನ ಪಾಲಿಗೆ 9 × 1000 ÷ 1100, ಅಂದರೆ 8.18 ವೋಲ್ಟ್. ಒಳಗೆ 10 ಮೆಗಾ ಓಮ್ ಇರುವ ಒಳ್ಳೆಯ ಮೀಟರ್ ಆದರೆ ಇದೇ ಸರ್ಕ್ಯೂಟು 8.9 ತೋರಿಸುತ್ತದೆ. ಇನ್ನು 10 ಸೆಕೆಂಡಿನ ಲೆಕ್ಕ ಕೂಡ ಆಚೀಚೆ ಆಗಿರುತ್ತದೆ, ಯಾಕೆಂದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ತನ್ನ ಮೇಲೆ ಬರೆದ ಅಂಕಿಗಿಂತ ಶೇಕಡಾ 20 ಹೆಚ್ಚು ಕಡಿಮೆ ಇರುವುದು ಮಾಮೂಲಿ.

ಒಂದೇ ಸಂಜೆಯಲ್ಲಿ ಟೈಮ್ ಕಾನ್ಸ್ಟಂಟ್ (ಆ 10 ಸೆಕೆಂಡು), ವೋಲ್ಟೇಜ್ ಡಿವೈಡರ್ (ವೋಲ್ಟ್ ಹಂಚಿಕೆ), ಲೋಡಿಂಗ್ ಎಫೆಕ್ಟ್ (ಮೀಟರೇ ಅಂಕಿ ಇಳಿಸಿದ್ದು), ಟಾಲರೆನ್ಸ್ (ಆ ಶೇಕಡಾ 20) ನಾಲ್ಕೂ ಕೈಗೆ ಬಂದವು ನೋಡಿ. ಅಂಕಿ ತಾಳೆಯಾಗದ್ದರಿಂದಲೇ ಬಂದವು.

ಹೆಜ್ಜೆ 3: ನಮ್ಮ ಹವೆಗೆ ತಕ್ಕಂತೆ ಸಾಮಾನು ಕಾಪಾಡಿ

ಇದನ್ನು ಯಾವ ಪಠ್ಯಪುಸ್ತಕವೂ ಬರೆಯುವುದಿಲ್ಲ, ಯಾಕೆಂದರೆ ಬರೆದವರು ಅಂಕೋಲೆಯ ಮಳೆಗಾಲ ಕಂಡಿರುವುದಿಲ್ಲ. ಕಾರವಾರ, ಅಂಕೋಲಾ, ಹೊನ್ನಾವರದಲ್ಲಿ ಉಪ್ಪುಗಾಳಿ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗದ ತೇವ. ರೆಸಿಸ್ಟರಿನ ಕಾಲು ಕಪ್ಪಾಗುತ್ತದೆ, ತಾಮ್ರಕ್ಕೆ ಹಸಿರು ಹತ್ತುತ್ತದೆ, ಬ್ರೆಡ್‌ಬೋರ್ಡಿನ ಒಳಗಿನ ಕ್ಲಿಪ್ಪುಗಳು ಸಂಪರ್ಕ ಬಿಡುತ್ತವೆ.

ಸಾಮಾನನ್ನೆಲ್ಲ ಗಾಳಿಯಾಡದ ಮುಚ್ಚಳದ ಡಬ್ಬಿಯಲ್ಲಿಡಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಬಿಸಾಡದೆ ಡಬ್ಬಿಗೆ ಹಾಕಿ. ಕಪ್ಪಾದ ಕಾಲನ್ನು ಬ್ಲೇಡಿನಿಂದ ಕೆರೆದೇ ಸಾಲ್ಡರ್ ಮಾಡಿ, ಇಲ್ಲದಿದ್ದರೆ ಸೀಸ ಅಂಟುವುದಿಲ್ಲ. ಐರನ್ ಆರಿಸುವ ಮೊದಲು ತುದಿಗೆ ಸ್ವಲ್ಪ ಸೀಸ ಹಚ್ಚಿಡಿ, ತುಕ್ಕು ಹಿಡಿಯುವುದಿಲ್ಲ.

ಸರ್ಕ್ಯೂಟು ಒಮ್ಮೆ ನಡೆಯುತ್ತದೆ, ಒಮ್ಮೆ ನಿಲ್ಲುತ್ತದೆ ಅಂದರೆ ಐಸಿ (ಚಿಪ್) ಬದಲಾಯಿಸಲು ಹೊರಡಬೇಡಿ. ಮೊದಲು ಬ್ರೆಡ್‌ಬೋರ್ಡನ್ನು ಅನುಮಾನಿಸಿ. ಮೀಟರನ್ನು ಕಂಟಿನ್ಯುಟಿಗೆ ಹಾಕಿ, ಬೀಪ್ ಬರುತ್ತದಾ ಅಂತ ಸಾಲು ಸಾಲಾಗಿ ನೋಡಿ. ನಡುವಿನ ಭಾಗದಲ್ಲಿ ಐದೈದು ತೂತು ಒಳಗೇ ಜೋಡಣೆಯಾಗಿರುತ್ತವೆ. ಅಂಚಿನ ಉದ್ದ ಸಾಲು ಪವರಿಗೆ. ಕೆಲವು ಬೋರ್ಡಿನಲ್ಲಿ ಆ ಉದ್ದ ಸಾಲು ಅರ್ಧಕ್ಕೆ ತುಂಡಾಗಿರುತ್ತದೆ. ಇದು ಗೊತ್ತಿಲ್ಲದೆ ಒಂದು ಪೂರ್ತಿ ಲ್ಯಾಬ್ ಅವಧಿ ಕಳೆಯುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ.

ಮಳೆಗಾಲದಲ್ಲಿ ಮೆಗಾ ಓಮ್ ರೆಸಿಸ್ಟರ್ ಇರುವ ಸರ್ಕ್ಯೂಟು ವಿಚಿತ್ರವಾಗಿ ವರ್ತಿಸಿದರೆ ಬೋರ್ಡಿನ ಮೇಲ್ಮೈ ತೇವವೇ ಕಾರಣವಾಗಿರಬಹುದು. ತೇವ, ಕೊಳೆ ಸೇರಿದ ಕಡೆ ಕರೆಂಟು ಕಳ್ಳದಾರಿಯಲ್ಲಿ ಹರಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಒಣಗಿಸಿ ಮತ್ತೆ ಅಳೆಯಿರಿ.

ಸಿಡಿಲಿನ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. ಮಳೆಗಾಲಕ್ಕೆ ಮುಂಚಿನ ಮಳೆ, ಅಕ್ಟೋಬರಿನ ಮಳೆ ಎರಡರಲ್ಲೂ ಘಟ್ಟದ ಕಡೆ ಗುಡುಗು ಜೋರು. ದೂರದಲ್ಲಿ ಗುಡುಗು ಕೇಳಿದ ಕೂಡಲೇ ಲ್ಯಾಪ್‌ಟಾಪ್ ಚಾರ್ಜರ್, ರೂಟರ್ ಅಡಾಪ್ಟರ್, ಪವರ್ ಸಪ್ಲೈ ಎಲ್ಲ ಪ್ಲಗ್ಗಿನಿಂದ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು, ಸ್ವಿಚ್ಚಿನ ಆ ಸಣ್ಣ ಅಂತರವನ್ನು ಸಿಡಿಲಿನ ವೋಲ್ಟೇಜು ಹಾರಿಬಿಡುತ್ತದೆ. ಮನೆಗೆ ಫೈಬರ್ ಇದೆ, ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ ಅಂತ ಸುಮ್ಮನಿರಬೇಡಿ. ರೂಟರಿನ ಅಡಾಪ್ಟರ್ ಇರುವುದು ಕರೆಂಟಿನ ಲೈನಿನಲ್ಲೇ ಅಲ್ವಾ?

ಹೆಜ್ಜೆ 4: ಕ್ಲಾಸು, ಲ್ಯಾಬು, ವೈವಾ

ಬಿಇ ಮೊದಲ ವರ್ಷ ಒಂದು ಸೆಮಿಸ್ಟರ್ ಫಿಸಿಕ್ಸ್ ಸೈಕಲ್, ಇನ್ನೊಂದು ಕೆಮಿಸ್ಟ್ರಿ ಸೈಕಲ್ ಅಂತ ಕಳೆಯುತ್ತದೆ. ಅದರಲ್ಲಿ ಗಣಿತವನ್ನು ಗಟ್ಟಿ ಮಾಡಿಕೊಳ್ಳಿ. ಸಂಕೀರ್ಣ ಸಂಖ್ಯೆ, ಲಾಗರಿದಮ್, ಸೈನ್ ಕೊಸೈನ್, ಡಿಫರೆನ್ಷಿಯಲ್ ಸಮೀಕರಣ, ಮ್ಯಾಟ್ರಿಕ್ಸ್. ಮುಂದಿನ ಮೂರು ವರ್ಷದಲ್ಲಿ ಇವು ಬಾರದ ದಿನ ಇರುವುದಿಲ್ಲ. ಎರಡನೇ ವರ್ಷದಿಂದ ನೆಟ್‌ವರ್ಕ್ಸ್, ಅನಲಾಗ್, ಡಿಜಿಟಲ್, ಸಿಗ್ನಲ್ಸ್, ಎಲೆಕ್ಟ್ರೋಮ್ಯಾಗ್ನೆಟಿಕ್ಸ್ ಸಾಲಾಗಿ ಬರುತ್ತವೆ. ಬ್ಯಾಕ್ ಉಳಿಯುವುದು ಇಲ್ಲೇ ಜಾಸ್ತಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಕೆಲವು ತಿಂಗಳು ಪಾಠದ ಇಂಗ್ಲಿಷ್ ಭಾರ ಅನಿಸುತ್ತದೆ. ಅದಕ್ಕೆ ನಾನು ಕಂಡ ಒಳ್ಳೆಯ ಉಪಾಯ: ಕ್ಲಾಸಿನಲ್ಲಿ ವಾಕ್ಯ ಬರೆದುಕೊಳ್ಳುವ ಬದಲು ಚಿತ್ರ ಬರೆಯಿರಿ. ಸರ್ಕ್ಯೂಟು ಬಿಡಿಸಿ, ಕರೆಂಟು ಹರಿಯುವ ದಿಕ್ಕಿಗೆ ಬಾಣ ಹಾಕಿ, ವೋಲ್ಟೇಜು ಗುರುತಿಸಿ. ರಾತ್ರಿ ಅದೇ ಚಿತ್ರವನ್ನು ಕನ್ನಡದಲ್ಲಿ ನಿಮಗೆ ನೀವೇ ಜೋರಾಗಿ ವಿವರಿಸಿ. ಎಲ್ಲಿ ಮಾತು ನಿಂತಿತೋ ಅಲ್ಲಿ ಅರ್ಥವಾಗಿಲ್ಲ. ಆ ಜಾಗವನ್ನು ಮಾರನೇ ದಿನ ಸರ್ ಹತ್ತಿರ, ಮೇಡಂ ಹತ್ತಿರ ಕೇಳಿ. ಕನ್ನಡದಲ್ಲೇ ಕೇಳಿ, ಯಾರೂ ಬೇಡ ಅನ್ನುವುದಿಲ್ಲ. ಆಮೇಲೆ ಉತ್ತರವನ್ನು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದರೆ ಪರೀಕ್ಷೆಗೂ ಆಯಿತು. ಅರ್ಥವಾದದ್ದನ್ನು ಬರೆಯಲು ಬೇಕಾದ ಇಂಗ್ಲಿಷ್ ತೀರಾ ಸ್ವಲ್ಪ.

ಲ್ಯಾಬಿಗೆ ಹೋಗುವ ಹಿಂದಿನ ರಾತ್ರಿ ಪ್ರಯೋಗದ ಲೆಕ್ಕ ಮುಗಿದಿರಬೇಕು. ಉದಾಹರಣೆಗೆ 555 ಟೈಮರ್. 1972ರಲ್ಲಿ ಮಾರುಕಟ್ಟೆಗೆ ಬಂದ ಈ ಐಸಿ ಇವತ್ತಿಗೂ ಎಲ್ಲ ಕಾಲೇಜಿನ ಲ್ಯಾಬಿನಲ್ಲಿದೆ. ಆವರ್ತನ ಬೇಕಾದರೆ ಮೊದಲ ರೆಸಿಸ್ಟರಿಗೆ ಎರಡನೆಯದರ ಎರಡು ಪಟ್ಟು ಕೂಡಿ, ಕೆಪಾಸಿಟರಿನಿಂದ ಗುಣಿಸಿ, ಬಂದದ್ದರಿಂದ 1.44ನ್ನು ಭಾಗಿಸಬೇಕು. 10 ಕಿಲೋ ಓಮ್, 68 ಕಿಲೋ ಓಮ್, 10 ಮೈಕ್ರೋ ಫ್ಯಾರಡ್ ಹಾಕಿದರೆ ಸುಮಾರು 0.99 ಹರ್ಟ್ಜ್, ಸೆಕೆಂಡಿಗೊಮ್ಮೆ ಎಲ್‌ಇಡಿ ಮಿನುಗಬೇಕು. ನಿಮ್ಮದು 20 ಮಿನುಗಿಗೆ 23 ಸೆಕೆಂಡು ತಗೊಂಡರೆ ಯಾವ ಬಿಡಿಭಾಗದ ಮೇಲೆ ಅನುಮಾನ ಬರಬೇಕು ಅನ್ನೋದು ಎರಡನೇ ಹೆಜ್ಜೆ ಓದಿದವರಿಗೆ ಗೊತ್ತಾಗುತ್ತದೆ. ವೈವಾದಲ್ಲಿ (ಬಾಯಿಮಾತಿನ ಪರೀಕ್ಷೆ) ಕೇಳುವುದೂ ಇದನ್ನೇ. ಸೂತ್ರ ಹೇಳುವವರು ಹತ್ತು ಮಂದಿ ಸಿಗುತ್ತಾರೆ. ಲೆಕ್ಕಕ್ಕೂ ಅಳತೆಗೂ ಯಾಕೆ ವ್ಯತ್ಯಾಸ ಬಂತು ಅಂತ ಹೇಳಿದವರ ಮುಖವನ್ನು ಎಕ್ಸಾಮಿನರ್ ತಲೆಯೆತ್ತಿ ನೋಡುತ್ತಾರೆ.

ಸಿಆರ್‌ಒ ಬಳಸುವಾಗ ಒಂದು ಎಚ್ಚರ. ಪ್ರೋಬಿನ ಮೊಸಳೆ ಕ್ಲಿಪ್ಪು ಒಳಗಿಂದ ನೇರವಾಗಿ ಅರ್ತಿಂಗಿಗೆ ಜೋಡಣೆಯಾಗಿರುತ್ತದೆ. ಅದನ್ನು ಸರ್ಕ್ಯೂಟಿನ ಗ್ರೌಂಡಿಗೇ ಹಾಕಬೇಕು. ಬೇರೆ ಜಾಗಕ್ಕೆ ಸಿಕ್ಕಿಸಿದರೆ ಆ ಜಾಗ ಶಾರ್ಟ್ ಆಗಬಹುದು.

ಮನೆಯಲ್ಲಿ ಸಿಆರ್‌ಒ ಇಲ್ಲ ಅನ್ನುವ ಕೊರತೆಯನ್ನು ಕಂಪ್ಯೂಟರ್ ಸ್ವಲ್ಪ ತುಂಬುತ್ತದೆ. ಸರ್ಕ್ಯೂಟು ಓಡಿಸಿ ನೋಡಲು ಎಲ್‌ಟಿಸ್ಪೈಸ್, ಬೋರ್ಡು ವಿನ್ಯಾಸಕ್ಕೆ ಕೀಕ್ಯಾಡ್, ಗಣಿತಕ್ಕೆ ಆಕ್ಟೇವ್. ಮೂರೂ ಉಚಿತ. ಐಐಟಿ ಪ್ರಾಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಹಣ ಕೊಡದೆ ಸಿಗುತ್ತವೆ. ಊರಲ್ಲಿ ನೆಟ್‌ವರ್ಕ್ ಸಿಗದವರು ಕಾಲೇಜಿನ ವೈಫೈನಲ್ಲಿ ಇಳಿಸಿಕೊಂಡು ಹೋಗಿ. ಒಂದು ಮಾತು ಮಾತ್ರ: ಸಿಮ್ಯುಲೇಟರಿನಲ್ಲಿ ಎಲ್ಲ ಬಿಡಿಭಾಗವೂ ಹೇಳಿದಷ್ಟೇ ಇರುತ್ತದೆ, ಅಲ್ಲಿ ತೇವವಿಲ್ಲ, ತುಕ್ಕಿಲ್ಲ. ಅದು ಮೇಜಿನ ಜಾಗಕ್ಕೆ ಬರಲಾರದು.

ಹೆಜ್ಜೆ 5: ಕಮ್ಯುನಿಕೇಶನ್ನನ್ನು ಊರಿನ ಗುಡ್ಡ, ಸಮುದ್ರ ನೋಡಿ ಕಲಿಯಿರಿ

ಬ್ರಾಂಚಿನ ಹೆಸರಿನ ಎರಡನೇ ಅರ್ಧವನ್ನು ಕಲಿಯಲು ನಮ್ಮ ಜಿಲ್ಲೆಗಿಂತ ಒಳ್ಳೆಯ ಜಾಗ ಇಲ್ಲ ಅಂತ ನಾನು ನಿಜವಾಗಿ ನಂಬಿದ್ದೇನೆ. ಒಂದು ಕಡೆ ಅಡ್ಡಿಯಿಲ್ಲದ ಸಮುದ್ರ, ಹತ್ತಿರದಲ್ಲೇ ಘಟ್ಟದ ಗೋಡೆ. ರೇಡಿಯೋ ಅಲೆ ಹೇಗೆ ಹೋಗುತ್ತದೆ, ಹೇಗೆ ತಡೆಗೆ ಸಿಕ್ಕಿ ನಿಲ್ಲುತ್ತದೆ ಎರಡೂ ಕಾಣುತ್ತದೆ.

ಧಾರವಾಡ ಆಕಾಶವಾಣಿ ಮೀಡಿಯಂ ವೇವ್‌ನಲ್ಲಿ 765 ಕಿಲೋ ಹರ್ಟ್ಜ್. ಬೆಳಕಿನ ವೇಗವನ್ನು ಇದರಿಂದ ಭಾಗಿಸಿ: ಅಲೆಯ ಉದ್ದ 392 ಮೀಟರ್. ಇಷ್ಟು ಉದ್ದದ ಅಲೆ ನೆಲ ಹಿಡಿದು, ಗುಡ್ಡ ಬಳಸಿ ಬರುತ್ತದೆ. ಎಫ್‌ಎಂ 100 ಮೆಗಾ ಹರ್ಟ್ಜ್ ಅಂದರೆ ಅಲೆಯ ಉದ್ದ 3 ಮೀಟರ್, ಗುಡ್ಡದ ಹಿಂದೆ ಬಲ ಕಳೆದುಕೊಳ್ಳುತ್ತದೆ. ಮೊಬೈಲಿನ 900 ಮೆಗಾ ಹರ್ಟ್ಜ್ ಇನ್ನೂ ಚಿಕ್ಕದು, 33 ಸೆಂಟಿಮೀಟರ್. ಕುಮಟಾದಿಂದ ಶಿರಸಿಗೆ ಬಸ್ಸಿನಲ್ಲಿ ಬರುವಾಗ ದೇವಿಮನೆ ಘಟ್ಟದ ತಿರುವಿನಲ್ಲಿ ಫೋನ್ ಯಾಕೆ ಕಟ್ಟಾಗುತ್ತದೆ ಅಂತ ಈಗ ನೀವೇ ಹೇಳಬಹುದು. ರಾತ್ರಿ ಹಳೆಯ ರೇಡಿಯೋದ ಮೀಡಿಯಂ ವೇವ್ ತಿರುಗಿಸಿ ನೋಡಿ, ಹಗಲು ಕೇಳದ ದೂರದೂರದ ಸ್ಟೇಷನ್ನು ಬರುತ್ತವೆ. ಹಗಲು ಅಲೆಯನ್ನು ಹೀರುವ ಅಯಾನುಗೋಳದ ಕೆಳಪದರ ಸೂರ್ಯ ಮುಳುಗಿದ ಮೇಲೆ ಕರಗುತ್ತದೆ, ಆಗ ಮೇಲಿನ ಪದರ ಅಲೆಯನ್ನು ತಿರುಗಿಸಿ ನೆಲಕ್ಕೆ ಕಳಿಸುತ್ತದೆ.

ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಯವರ ಹತ್ತಿರ ಮಾತಾಡುವ ರೇಡಿಯೋ, ಅಂದರೆ ವಿಎಚ್‌ಎಫ್ ಸೆಟ್ ನೋಡಿರಬಹುದು. ಅಪಾಯದ ಕರೆಗೆ ಜಗತ್ತಿನೆಲ್ಲೆಡೆ ಚಾನೆಲ್ 16, ಅಂದರೆ 156.8 ಮೆಗಾ ಹರ್ಟ್ಜ್. ಇದು ನೇರ ದೃಷ್ಟಿಯಷ್ಟೇ ಹೋಗುತ್ತದೆ, ಭೂಮಿ ಗುಂಡಗಿರುವುದರಿಂದ ಒಂದು ಮಿತಿ ಇದೆ. ಎರಡು ಆಂಟೆನಾಗಳ ಎತ್ತರವನ್ನು ಮೀಟರಿನಲ್ಲಿ ಬರೆದು, ಒಂದೊಂದರ ವರ್ಗಮೂಲ ತೆಗೆದು ಕೂಡಿ, 4.12ರಿಂದ ಗುಣಿಸಿದರೆ ಕಿಲೋಮೀಟರ್ ಸಿಗುತ್ತದೆ. ಎರಡು ದೋಣಿಗಳಲ್ಲೂ ಆಂಟೆನಾ 4 ಮೀಟರ್ ಎತ್ತರದಲ್ಲಿದ್ದರೆ 16 ಕಿಲೋಮೀಟರಿಗೆ ಸ್ವಲ್ಪ ಮೇಲೆ. ಒಂದು ಆಂಟೆನಾವನ್ನು 100 ಮೀಟರಿನ ಗುಡ್ಡದ ಮೇಲಿಟ್ಟರೆ 49 ಕಿಲೋಮೀಟರ್. ಟವರನ್ನು ಗುಡ್ಡದ ನೆತ್ತಿಯ ಮೇಲೇ ಯಾಕೆ ಕಟ್ಟುತ್ತಾರೆ ಅನ್ನುವ ಪ್ರಶ್ನೆಗೆ ಉತ್ತರ ಈ ಎರಡು ಸಾಲಿನಲ್ಲಿದೆ.

ಇನ್ನೊಂದು ಪ್ರಯೋಗಕ್ಕೆ ಮೊಬೈಲ್ ಸಾಕು. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಥಿತಿ ಅನ್ನುವ ಕಡೆ ಸಿಗ್ನಲ್ ಬಲ ಡಿಬಿಎಂ ಅಂಕಿಯಲ್ಲಿ ಇರುತ್ತದೆ. ಅಂಗಳ, ಜಗಲಿ, ಅಡುಗೆಮನೆ, ಮಾಳಿಗೆ, ತೋಟದ ಅಂಚು, ಎಲ್ಲ ಕಡೆ ನಿಂತು ಬರೆಯಿರಿ. ಒಂದು ಕಡೆ ಮೈನಸ್ 75, ಇನ್ನೊಂದು ಕಡೆ ಮೈನಸ್ 115 ಬಂತು ಅಂದರೆ ವ್ಯತ್ಯಾಸ 40 ಡೆಸಿಬಲ್. ಹತ್ತು ಡೆಸಿಬಲ್ಲಿಗೆ ಹತ್ತು ಪಟ್ಟು, ಆದ್ದರಿಂದ ಇಲ್ಲಿ ಸಿಗ್ನಲ್ಲಿನ ಶಕ್ತಿ 10,000 ಪಟ್ಟು ಕಡಿಮೆ. ಡೆಸಿಬಲ್ ಅನ್ನೋದು ಪರೀಕ್ಷೆಗಾಗಿ ಕಂಡುಹಿಡಿದ ಹಿಂಸೆ ಅಲ್ಲ ಅಂತ ಆಗ ಅನಿಸುತ್ತದೆ. ಮುಂದೆ, ಒಂದು ದಾರಿಯಲ್ಲಿ ಸೆಕೆಂಡಿಗೆ ಗರಿಷ್ಠ ಎಷ್ಟು ಮಾಹಿತಿ ಕಳಿಸಬಹುದು ಅನ್ನುವ ಬಗ್ಗೆ ಗಣಿತಜ್ಞ ಶಾನನ್ 1948ರಲ್ಲಿ ಕೊಟ್ಟ ಸೂತ್ರ ಬಂದಾಗ ಇದೇ ನೋಟ್‌ಬುಕ್ಕು ತೆಗೆಯಿರಿ. 20 ಮೆಗಾ ಹರ್ಟ್ಜ್ ಅಗಲದ ದಾರಿಯಲ್ಲಿ ಸಿಗ್ನಲ್ಲು ಗದ್ದಲದಷ್ಟೇ ಇದ್ದರೆ ಸೆಕೆಂಡಿಗೆ ಗರಿಷ್ಠ 20 ಮೆಗಾಬಿಟ್. ಸಿಗ್ನಲ್ಲು ಗದ್ದಲದ 100 ಪಟ್ಟು ಇದ್ದರೆ 133.

ರೇಡಿಯೋ ಕೇಳುವುದು ಸರಿ, ಕಳಿಸುವುದಕ್ಕೆ ಲೈಸೆನ್ಸ್ ಬೇಕು. ಎಫ್‌ಎಂ ಟ್ರಾನ್ಸ್‌ಮಿಟರ್ ಕಿಟ್ ತಂದು ಊರಿಗೆಲ್ಲ ಕೇಳಿಸುವ ಪ್ರಯೋಗ ಬೇಡ. ಆಸಕ್ತಿ ಇದ್ದರೆ ಹ್ಯಾಮ್ ರೇಡಿಯೋ (ಹವ್ಯಾಸಿ ರೇಡಿಯೋ) ಪರೀಕ್ಷೆ ಬರೆಯಿರಿ. ದೂರಸಂಪರ್ಕ ಇಲಾಖೆ ನಡೆಸುತ್ತದೆ, ಕಾಲೇಜು ವಿದ್ಯಾರ್ಥಿಗೆ ಅದರ ಸಿಲಬಸ್ಸು ಕಷ್ಟವಲ್ಲ.

ಹೆಜ್ಜೆ 6: ಪ್ರಾಜೆಕ್ಟನ್ನು ಕೊಂಡು ತರಬೇಡಿ

ಕೊನೆಯ ವರ್ಷ ಹುಬ್ಬಳ್ಳಿ, ಬೆಂಗಳೂರಿನಿಂದ ರೆಡಿ ಪ್ರಾಜೆಕ್ಟ್ ದುಡ್ಡು ಕೊಟ್ಟು ತರುವವರಿದ್ದಾರೆ. ಅಂಕ ಸಿಗಬಹುದು. ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ನಮ್ಮ ಸುತ್ತ ಪ್ರಾಜೆಕ್ಟ್ ಬೇಕಾದಷ್ಟಿದೆ. ಅಡಿಕೆ ತೋಟದ ಪಂಪಿಗೆ ಒಂದು ಫೇಸ್ ಹೋದರೆ ಮೋಟರ್ ಸುಡುತ್ತದೆ, ಬಾವಿಯಲ್ಲಿ ನೀರಿಲ್ಲದೆ ಪಂಪು ಓಡುತ್ತದೆ. ಆದರೆ ಅದು ಮೂರು ಫೇಸಿನ 415 ವೋಲ್ಟ್, ಅನುಭವಿ ಎಲೆಕ್ಟ್ರಿಷಿಯನ್ ಜೊತೆಗಿಲ್ಲದೆ ಕೈ ಹಾಕಬಾರದು. ಮೊದಲ ಸಲಕ್ಕೆ ಮಳೆಮಾಪಕ ಒಳ್ಳೆಯದು, ಬ್ಯಾಟರಿಯಲ್ಲೇ ನಡೆಯುತ್ತದೆ. ಲಾಳಿಕೆಯ ಕೆಳಗೆ ತಕ್ಕಡಿಯ ಹಾಗೆ ತೂಗುವ ಎರಡು ಸಣ್ಣ ತೊಟ್ಟಿಲು. ಒಂದು ತುಂಬಿದ ಕೂಡಲೇ ಆಚೆ ಬಾಗಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಬಾಗುವಾಗ ಅದರಲ್ಲಿರುವ ಅಯಸ್ಕಾಂತ ಒಂದು ರೀಡ್ ಸ್ವಿಚ್ಚನ್ನು ಮುಚ್ಚುತ್ತದೆ. ಮೈಕ್ರೋಕಂಟ್ರೋಲರ್, ಅಂದರೆ ಪ್ರೋಗ್ರಾಂ ಓಡಿಸುವ ಸಣ್ಣ ಚಿಪ್, ಅದನ್ನು ಎಣಿಸುತ್ತದೆ.

ಲೆಕ್ಕ ಮೊದಲು. ಲಾಳಿಕೆಯ ಬಾಯಿ 16 ಸೆಂಟಿಮೀಟರ್ ಅಗಲ ಇದ್ದರೆ ಅದರ ವಿಸ್ತೀರ್ಣ 201 ಚದರ ಸೆಂಟಿಮೀಟರ್. ಒಂದು ಬಾಗಿಗೆ 0.2 ಮಿಲಿಮೀಟರ್ ಮಳೆ ಬೇಕು ಅಂದರೆ ಒಂದು ತೊಟ್ಟಿಲು 4 ಮಿಲಿ ಲೀಟರಿಗೆ ಬಾಗಬೇಕು. ಈಗ ಅಳತೆ. 400 ಮಿಲಿ ಲೀಟರ್ ನೀರನ್ನು ಬಾಟಲಿಗೆ ಸೂಜಿಯಿಂದ ತೂತು ಮಾಡಿ ನಿಧಾನವಾಗಿ ತೊಟ್ಟಿಕ್ಕಿಸಿ. ಎಣಿಕೆ 100ರ ಹತ್ತಿರ ಬರಬೇಕು. 180 ಬಂದರೆ ರೀಡ್ ಸ್ವಿಚ್ಚಿನ ಎಲೆ ಮುಚ್ಚುವಾಗ ಅದುರಿ ಒಂದೇ ಬಾಗನ್ನು ಎರಡು ಸಲ ಎಣಿಸಿದೆ ಅಂತ ಅರ್ಥ, ಡಿಬೌನ್ಸ್ (ಆ ಅದುರನ್ನು ಎಣಿಸದ ಹಾಗೆ ಮಾಡುವುದು) ಬೇಕು. 85 ಬಂದರೆ ನೀರು ಜೋರಾಗಿ ಬಿದ್ದು, ತೊಟ್ಟಿಲು ಬಾಗುವ ಹೊತ್ತಿನಲ್ಲಿ ಸ್ವಲ್ಪ ವ್ಯರ್ಥವಾಗುತ್ತಿದೆ. ಜುಲೈಯ ಮಳೆಗೆ ಇದು ನಿಜವಾದ ಸಮಸ್ಯೆ. ದಿನಕ್ಕೆ 100 ಮಿಲಿಮೀಟರ್ ಸುರಿದರೆ 500 ಬಾಗು. ಶಿರಸಿ ಕಡೆ ಅನೇಕ ಕೃಷಿಕರು ಮಳೆ ಅಳೆದು ಡೈರಿಯಲ್ಲಿ ಬರೆಯುತ್ತಾರೆ. ಅಂಥವರ ಅಂಗಳದಲ್ಲಿ ಅವರ ಗಾಜಿನ ಮಾಪಕದ ಪಕ್ಕವೇ ನಿಮ್ಮದನ್ನು ಒಂದು ಮಳೆಗಾಲ ಇಟ್ಟು ಎರಡರ ಅಂಕಿ ಹೋಲಿಸಿ ನೋಡಿ. ಪ್ರಾಜೆಕ್ಟ್ ವರದಿಯ ಅತಿ ಒಳ್ಳೆಯ ಅಧ್ಯಾಯ ಅದೇ ಆಗುತ್ತದೆ.

ಹೆಜ್ಜೆ 7: ಇಂಟರ್ನ್‌ಶಿಪ್, ಕೆಲಸ

ಇಸಿ ಓದಿದವರಿಗೆ ಬೆಂಗಳೂರಿನ ಚಿಪ್ ವಿನ್ಯಾಸ, ಎಂಬೆಡೆಡ್ ಕಂಪನಿಗಳು ಒಂದು ಕಡೆ. ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್), ಇಸ್ರೋ, ರೈಲ್ವೆಯ ಸಿಗ್ನಲ್ ಮತ್ತು ಟೆಲಿಕಾಂ ವಿಭಾಗ ಇನ್ನೊಂದು ಕಡೆ. ಕೆಲವು ಸರ್ಕಾರಿ ಕಂಪನಿಗಳು ಗೇಟ್ ಅಂಕ ನೋಡಿ ಕರೆಯುತ್ತವೆ, ಎಂಟೆಕ್ ಸೀಟಿಗೂ ಅದೇ ಬೇಕು. ಗೇಟ್ ಮೂರು ಗಂಟೆಯ, 100 ಅಂಕದ ಪರೀಕ್ಷೆ. ಮೂರನೇ ವರ್ಷದಲ್ಲೇ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲು ಶುರು ಮಾಡಿದರೆ ಸೆಮಿಸ್ಟರ್ ಪರೀಕ್ಷೆಗೂ ಅನುಕೂಲ. ಡಿಪ್ಲೊಮಾ, ಬಿಇ ಮುಗಿಸಿದವರಿಗೆ ಒಂದು ವರ್ಷದ ಅಪ್ರೆಂಟಿಸ್‌ಶಿಪ್ ಇದೆ, ತಿಂಗಳಿಗೆ ಸ್ಟೈಪೆಂಡ್ ಸಿಗುತ್ತದೆ. ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು.

ಜಿಲ್ಲೆಯ ಒಳಗೇ ನೋಡಲು ಎಷ್ಟೋ ಇದೆ. ಕೊಂಕಣ ರೈಲ್ವೆಯ ಸಿಗ್ನಲ್ಲು, ಕಾರವಾರದ ಆಕಾಶವಾಣಿ ಕೇಂದ್ರ, ಟೆಲಿಫೋನ್ ಎಕ್ಸ್‌ಚೇಂಜು, ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕ ಇರುವ ಕೈಗಾ ಅಣುಸ್ಥಾವರ. ಇಂಥ ಕಡೆ ಬಾಗಿಲಿಗೆ ಹೋಗಿ ಕೇಳಿದರೆ ಒಳಗೆ ಬಿಡುವುದಿಲ್ಲ. ವಿಭಾಗದ ಮುಖ್ಯಸ್ಥರ ಸಹಿಯ ಪತ್ರ, ಆಧಾರ್ ಪ್ರತಿ, ಯಾವ ವಿಭಾಗದಲ್ಲಿ ಏನು ಕಲಿಯಬೇಕೆಂದಿದ್ದೀರಿ ಅನ್ನುವ ಅರ್ಧ ಪುಟದ ಬರಹ, ಇಷ್ಟು ಸೇರಿಸಿ ಕಾಲೇಜಿನ ಮೂಲಕವೇ ಕಳಿಸಿ. ಪರಿಶೀಲನೆಗೆ ಸಮಯ ಹಿಡಿಯುತ್ತದೆ, ಆದ್ದರಿಂದ ರಜೆಗೆ ಮೂರು ತಿಂಗಳು ಇರುವಾಗಲೇ ಪತ್ರ ಹೋಗಿರಬೇಕು. ಆ ಅರ್ಧ ಪುಟದಲ್ಲಿ ನಿಮ್ಮ ನೋಟ್‌ಬುಕ್ಕಿನ ಒಂದು ಲೆಕ್ಕ, ಅದರ ಅಳತೆ, ವ್ಯತ್ಯಾಸಕ್ಕೆ ನೀವು ಕಂಡುಕೊಂಡ ಕಾರಣ ಬರೆಯಿರಿ. ಅರ್ಜಿ ಓದುವ ಎಂಜಿನಿಯರ್ ಅದನ್ನು ಪೂರ್ತಿ ಓದುತ್ತಾರೆ.